ನೀರಿನ ಪುಂಡಿಗೆ ಲೋಳೆ ಹತ್ತಿದ್ದು

ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನ ಪಾಡು ಯಾರಿಗೂ ಬೇಡ. ಅವನು ಬಲ್ಬು ಬದಲಿಸಿದರೂ ಅದರಲ್ಲಿ ಕಾಲೇಜು ಕಾಣಿಸಬೇಕು. ಯಾದಗಿರಿ ಕಡೆಯಿಂದ ಬಂದು, ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಅವ್ವ ನನ್ನನ್ನು ಬಿ.ಎಸ್ಸಿ. ಮಾಡಿಸಿದಳು. ಹಾಗಾಗಿ ಅಲ್ಲಿಯ ನಿಗಡಿ ಬಡಾವಣೆಯ ನಮ್ಮ ಬಾಲ್ಕನಿಯಲ್ಲಿ ಮಣ್ಣಿಲ್ಲದೆ, ಬರೀ ಗೊಬ್ಬರದ ನೀರಿನಲ್ಲಿ ಪುಂಡಿಸೊಪ್ಪು ಬೆಳೆಯಲು ಹೊರಟಾಗ ನಾನು ಗಾಜಿನಂತೆ ತಿಳಿಯಾದ ಡಬ್ಬಿಗಳನ್ನೇ ತಂದೆ. ಬೆಳಕು ಬೀಳದ ಡಬ್ಬಿ ಬಳಸಿ ಎಂದು ವಿಡಿಯೊದಲ್ಲಿ ಹೇಳಿದ್ದರು. ಆದರೆ ಬೇರು ನಾಲ್ಕು ಜನರಿಗೆ ಕಾಣದಿದ್ದರೆ ಓದಿ ಏನು ಬಂತು? ನಕ್ಕವರು ಅವ್ವನ ತಮ್ಮ, ರಾಂಜಣಗಾಂವದ ಕಾರ್ಖಾನೆಯಲ್ಲಿರುವ ಮಾಮ ಒಬ್ಬರೇ. "ಏನಪಾ, ಇಷ್ಟ್ ಓದಿ ನೀರಾಗ ಪಲ್ಯ ಬೆಳೀತಿ?" ಅವ್ವನಿಗೆ ರೇಗಿತು. "ಅಮಾಸಿಗೆ ಊಟಕ್ಕ ಬಾರೋ ತಮ್ಮಾ. ನನ್ ಮಗ ಬೆಳದಿದ್ದೇ ಪುಂಡಿಪಲ್ಯ ಉಣ್ಣಸ್ತೀನಿ" ಎಂದುಬಿಟ್ಟಳು. ಈಗ ನನ್ನ ಡಿಗ್ರಿಯ ಜೊತೆ ಅವಳ ಮಾತೂ ಡಬ್ಬಿಯೊಳಗೆ ಬಿತ್ತು.

ಅಮಾವಾಸ್ಯೆ ಹತ್ತಿರ ಬರುವ ಹೊತ್ತಿಗೆ ಬೇರು ಕಾಣುವುದೇ ನಿಂತಿತು. ಡಬ್ಬಿಯ ಒಳಮೈಗೆ ಹಸಿರು ಪಾಚಿ, ಬೇರಿಗೆ ಬಿಳಿ ಲೋಳೆ, ಮೂಗು ಹತ್ತಿರ ತಂದರೆ ಹುಳಿ ವಾಸನೆ. ನೀರು ಚೆಲ್ಲಿ, ಬ್ರಷ್ಷಿನಿಂದ ಉಜ್ಜಿ, ಬೇರುಗಳನ್ನು ನಲ್ಲಿಯ ಕೆಳಗೆ ಕೂಸಿಗೆ ಎರೆದಂತೆ ತೊಳೆದೆ. ಮತ್ತೆ ಲೋಳೆ. ಪಾಚಿಗೆ ಬೆಳಕು ಕಾರಣ, ಅದು ನನ್ನ ಜಂಬದ ಫಲ, ಒಪ್ಪಿದೆ. ಈ ಬಿಳಿ ಲೋಳೆ ಎಲ್ಲಿಂದ? ಒಂದು ಮುಂಜಾನೆ ಅವ್ವ ಚೊಂಬು ಹಿಡಿದು ಡಬ್ಬಿಗೆ ಬಗ್ಗಿದ್ದಳು.

"ಅವ್ವಾ, ಏನ್ ಹಾಕ್ಲತ್ತಿ ಅದ್ರಾಗ?"

"ಅಂಬಲಿ. ಮಣ್ಣಿಲ್ಲ ಏನಿಲ್ಲ, ಬರೇ ನೀರ್ ಕುಡದು ಹೆಂಗ ಇರ್ತಾವ ಪಾಪ?"

ಜೋಳದ ಅಂಬಲಿ! ನೀರಿನಲ್ಲಿ ಅಂಬಲಿ ಕೊಳೆತರೆ ಬೇರು ಉಸಿರುಗಟ್ಟುತ್ತದೆ ಎಂದು ದೊಡ್ಡ ಪಾಠ ಮಾಡಿ, "ಇವನ್ನೆಲ್ಲ ಒಗದುಬಿಡ್ತೀನಿ" ಎಂದೆ.

"ಒಗೀತೀ? ನೀ ಸಣ್ಣಾಂವ ಇದ್ದಾಗ ಮೂಗಿನಾಗಿಂದ ಹಿಂಗೇ ಸುರಸ್ತಿದ್ದಿ. ನಿನ್ನ ಒಗದ್ನೇನು?"

ಬಿ.ಎಸ್ಸಿ. ಪಕ್ಕಕ್ಕಿಟ್ಟು ಬ್ರಷ್ಷು ತಂದೆ. ಇಬ್ಬರೂ ಕೂತು ತಿಕ್ಕಿದೆವು. ಕೊಳೆತ ಬೇರು ಕತ್ತರಿಸಿ, ಹೊಸ ನೀರು ತುಂಬಿದೆ. ಅಂಬಲಿ ಬಂದ್ ಆಯಿತು. ಅವ್ವ ತನ್ನ ಹಳೆಯ ಸೀರೆ ಹರಿದು, ಬೆಳಕು ತಾಗದಂತೆ ಡಬ್ಬಿಗಳಿಗೆಲ್ಲ ಸುತ್ತಿದಳು. ನನ್ನ ವಿಜ್ಞಾನ ಸೀರೆಯ ಮರೆಗೆ ಸರಿಯಿತು. ಎಲೆಗಳು ಮಾತ್ರ ಮೆಲ್ಲಗೆ ತಲೆ ಎತ್ತಿದವು.

ಅಮಾವಾಸ್ಯೆಗೆ ಒಂದು ಸಣ್ಣ ಬೋಗುಣಿಯಷ್ಟು ಪಲ್ಯವಾಯಿತು. ಮಾಮ ರೊಟ್ಟಿಯಿಂದ ತಾಟು ಒರೆಸಿ ಉಂಡು, "ಭಾಳ ಛಲೋ ಆಗ್ಯದ ಅಕ್ಕಾ. ಏನ್ ಗೊಬ್ಬರ ಹಾಕಿದ್ರಿ?" ಎಂದರು.

"ಏನಿಲ್ಲೋ, ಅಂಬಲಿ" ಎಂದಳು ಅವ್ವ.

ತಿದ್ದೋಣವೆಂದು ನಾನು ಬಾಯಿ ತೆರೆದೆ. ಅವ್ವ ಆ ಬಾಯಿಗೂ ಒಂದು ತುತ್ತು ಇಟ್ಟುಬಿಟ್ಟಳು.