ಮಾವನವರ ಇಂಗ್ಲಿಷ್ ಹಾಡು

ಧೋತರ ಉಟ್ಟು, ಕರಿ ಟೋಪಿ ಇಟ್ಟು, ಹಣೆಗೆ ಮೂರೆಳೆ ವಿಭೂತಿ ಎಳೆದುಕೊಂಡು ಗಿಟಾರು ಡ್ರಮ್ಮುಗಳ ಇಂಗ್ಲಿಷ್ ಹಾಡು ಕೇಳುವ ಮನುಷ್ಯರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಸೊಲ್ಲಾಪುರದಲ್ಲಿ ಒಬ್ಬರಂತೂ ಇದ್ದರು. ನನ್ನ ದೈವ ನೋಡಿ, ನಾನು ಅವರ ಮನೆಗೇ ಸೊಸೆಯಾಗಿ ಹೋದೆ!

ಎಪ್ಪತ್ತರ ದಶಕದ ಮಾತು. ನಮ್ಮ ಓಣಿಯ ಬೆಲ್‌ಬಾಟಮ್ ಹುಡುಗರು ಮೂರು ತಿಂಗಳಿಗೊಂದು ಹಾಡು ಬದಲಿಸುತ್ತಿದ್ದರು. ಮಾವನವರ ಹತ್ತಿರ ಇದ್ದದ್ದು ಒಂದೇ ಒಂದು ರೆಕಾರ್ಡು. ಅಂಗೈಯಷ್ಟಲ್ಲದಿದ್ದರೂ ಜೋಳದ ರೊಟ್ಟಿಗಿಂತ ಚಿಕ್ಕದು. ಚಾದರದ ಅಂಗಡಿ ಮುಚ್ಚಿ ಮನೆಗೆ ಬಂದು, ಕಾಲು ತೊಳೆದು, ದೇವರ ಮುಂದೆ ಊದುಬತ್ತಿ ಹಚ್ಚಿ ಅದನ್ನು ಹಾಕಿದರೆಂದರೆ ಪಕ್ಕದ ಮನೆಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ದಿನಾ ಅದೇ ಹಾಡು! ಬೇಸರ ಬರುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು.

"ಚಾದರ ಹೊಸದಿದ್ದಾಗ ಚುಚ್ಚತೈತಿ. ತೊಳದಂಗ ತೊಳದಂಗ ಮೆತ್ತಗ ಆಗತೈತಿ. ಹಾಡೂ ಹಂಗ. ನೀವು ಎಲ್ಲಾರೂ ಒಂದ ಸಲ ಹೊದ್ದು ಮೂಲಿಗೆ ಒಗದ ಬಿಡತೀರಿ, ಅದಕ್ಕ ನಿಮಗ ತಿಳಿಯೂದಿಲ್ಲ."

ಆ ರೆಕಾರ್ಡು ಮನೆಗೆ ಬಂದ ಕಥೆಯನ್ನು ಅತ್ತೆ ನನಗೆ ಶೇಂಗಾ ಚಟ್ನಿ ಕುಟ್ಟುತ್ತ ಹೇಳಿದ್ದರು. ಮಾವನವರು ಮುಂಬಯಿಗೆ ವ್ಯಾಪಾರಕ್ಕೆ ಹೋದವರು ಅಲ್ಲೊಂದು ಅಂಗಡಿಯಲ್ಲಿ ರೆಕಾರ್ಡ್ ಹಚ್ಚುವ ಪೆಟ್ಟಿಗೆಯನ್ನೂ, ಜೊತೆಗೊಂದು ವಿಠ್ಠಲನ ಅಭಂಗದ ರೆಕಾರ್ಡನ್ನೂ ಕೊಂಡು ತಂದರು. ಊರಿಗೆ ಬಂದದ್ದೇ ಓಣಿಯ ಹಿರಿಯರನ್ನೆಲ್ಲ ಕರೆದರು. ಪೆಟ್ಟಿಗೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಎಲ್ಲರೂ ಕೈಮುಗಿದು ಕೂತ ಮೇಲೆ ಮುಳ್ಳು ಇಟ್ಟರು. ಪೊಟ್ಟಣದ ಮೇಲೆ ವಿಠ್ಠಲ, ಒಳಗೆ ಇಂಗ್ಲಿಷ್! ಯಾರೋ ಎಮ್ಮೆಯ ಸ್ವರದಲ್ಲಿ ನರಳತೊಡಗಿದ, ಹಿಂದಿನಿಂದ ಧಡ್... ಧಡ್... ಎಂದು ಬಡಿತ. ಹಿರಿಯರು ಮಾವನವರ ಮುಖ ನೋಡಿದರು. ವ್ಯಾಪಾರಿ ಮನುಷ್ಯ ನಾಲ್ಕು ಜನರೆದುರು ಮೋಸ ಹೋದೆ ಎಂದು ಒಪ್ಪಿಕೊಂಡಾನೆಯೇ?

"ಇದೂ ದೇವರ ಹಾಡ. ಅವರ ದೇವರದು," ಎಂದುಬಿಟ್ಟರಂತೆ.

ಹಿರಿಯರು ಮುಗಿದ ಕೈ ಇಳಿಸದೆ ಹಾಡು ಮುಗಿಯುವ ತನಕ ಕೂತು, ಪ್ರಸಾದ ತೆಗೆದುಕೊಂಡು ಹೋದರು. ಮಾನ ಉಳಿಸಿಕೊಳ್ಳಲೆಂದು ಮಾವನವರು ಮರುದಿನವೂ ಅದನ್ನೇ ಹಾಕಿದರು, ಅದರ ಮರುದಿನವೂ ಹಾಕಿದರು. ಹಾಕುತ್ತ ಹಾಕುತ್ತ ಅದು ಅವರನ್ನು ಹಿಡಿದುಕೊಂಡಿತು.

ಆ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ವಿಜಾಪುರದಲ್ಲಿ ಬಿ.ಎ. ಮಾಡಿ, ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ಬಂದ ನಾನು ಬಾಗಿಲ ಹಿಂದೆ ಸೆರಗು ಹೊದ್ದು ನಿಲ್ಲಬೇಕು! "ಏ, ಸೊಸಿನ್ನ ಕೇಳು, ಚಾ ಆತೇನು?" ಎಂದು ಮಾವನವರು ಅತ್ತೆಯನ್ನು ಕೇಳುವರು. "ಆತು ಅಂತ ಹೇಳ್ರಿ ಅತ್ತಿ," ಎಂದು ನಾನು. "ಆತಂತ್ರಿ," ಎಂದು ಅತ್ತೆ. ಮೂವರೂ ಇರುತ್ತಿದ್ದುದು ಹತ್ತೇ ಅಡಿ ಜಾಗದಲ್ಲಿ.

ನಾನು ಹೋದ ಮೊದಲ ವಾರವೇ ಪರೀಕ್ಷೆ ಬಂತು.

"ಸೊಸಿ ಬಿ.ಎ. ಕಲ್ತಾಳಲ್ಲ, ಕೇಳು. ಈ ಹಾಡಿನಾಗ ಆ ಗೋರಾ ಮನಶ್ಯಾ ಏನಂತಾನ?"

ನಾನು ಕಿವಿಗೊಟ್ಟು ಕೇಳಿದೆ. ಒಂದಕ್ಷರ ತಿಳಿಯಲಿಲ್ಲ. ಎಮ್ಮೆ ಮೆಲುಕು ಹಾಕುತ್ತಾ ಪಾಠ ಒಪ್ಪಿಸಿದರೆ ಏನು ತಿಳಿದೀತು? ಹಾಗೆಂದು ತವರಿನ ಬಿ.ಎ. ಮರ್ಯಾದೆ ಕಳೆಯಲಾದೀತೇ? "ಹೇಣ್ತಿ ತವರಿಗೆ ಹೋಗ್ಯಾಳ, ಲಗೂ ಬಾ ಅಂತ ಕರ್ಯಾಕತ್ತಾನ ಅಂತ ಹೇಳ್ರಿ ಅತ್ತಿ," ಎಂದು ಧೈರ್ಯವಾಗಿ ಸುಳ್ಳು ಹೇಳಿದೆ.

ಮಾವನವರು ನಿಟ್ಟುಸಿರು ಬಿಟ್ಟರು. "ಪಾಪ! ನಾ ತಂದ ಎರಡ ವರ್ಷ ಆತು. ಅವಾಗಿಂದ ಕರ್ಯಾಕತ್ತಾನ. ಇನ್ನೂ ಬಂದಿಲ್ಲಲ್ಲ ಆಕಿ!"

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ನಗುವ ಕಥೆಯಾಗುತ್ತಿತ್ತು. ನನ್ನ ಮದುವೆಯಾದ ಎರಡನೆಯ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಎಡಗಾಲು ಸ್ವಾಧೀನ ತಪ್ಪಿತು. ಬಾಯಿಗೆ ಮಾತ್ರ ಏನೂ ಆಗಲಿಲ್ಲ. ಅದರ ತಂಟೆಗೆ ಹೋಗಲು ರೋಗಕ್ಕೂ ಧೈರ್ಯ ಸಾಲಲಿಲ್ಲವೇನೋ! ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಅವರು ಹರಕೆ ಹೊತ್ತರು: ಅಕ್ಕಲಕೋಟೆಯ ಎಸ್.ಟಿ. ಬಸ್ ಸ್ಟ್ಯಾಂಡಿನಿಂದ ಸ್ವಾಮಿಗಳ ಗುಡಿಯವರೆಗೆ, ಯಾರ ಕೈಯನ್ನೂ ಹಿಡಿಯದೆ, ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತೇನೆ ಎಂದು.

"ಹರಕಿ ಹೊರೂಮುಂದ ಒಂಚೂರು ಸಣ್ಣದ ಹೊರಬೇಕಿಲ್ಲೊ? ಟಾಂಗಾದಾಗ ಬರ್ತೀನಿ ಅಂದಿದ್ದರ ಸ್ವಾಮಿಗೋಳು ಬ್ಯಾಡ ಅಂತಿದ್ರೇನು?" ಎಂದು ಮಾವನವರು ರೇಗಿದರು. ಆಮೇಲೆ ಆಸ್ಪತ್ರೆಯ ಹೊರಗೆ ಹೋಗಿ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಮನೆಗೆ ಬಂದ ಮೇಲೆ ಡಾಕ್ಟರು ದಿನಾ ನಡೆಸಿರಿ ಎಂದರು. ಅತ್ತೆಯ ಬಲಗಾಲು ಮುಂದೆ ಹೋದರೂ ಎಡಗಾಲು ನೆಲಕ್ಕಂಟಿಕೊಂಡು ಕೂರುತ್ತಿತ್ತು. ಬೈದರು, ಅತ್ತರು, ನಾನೇನು ಮಾಡಲಿ ಎಂದರು. ಒಂದು ಸಂಜೆ ಮಾವನವರು ವಾಡಿಕೆಯಂತೆ ರೆಕಾರ್ಡು ಹಾಕಿ, ಅತ್ತೆಯೆದುರು ಬಂದು ನಿಂತರು. "ಆಂವ ಧಡ್ ಅಂದಾಗ ಬಲಗಾಲು. ಇನ್ನೊಮ್ಮಿ ಧಡ್ ಅಂದಾಗ ಎಡಗಾಲು. ಅವಸರ ಇಲ್ಲ, ಆಂವಗೂ ಇಲ್ಲ." ಎಡಗಾಲು ಎದ್ದಿತು! ಒಂದು ಗೇಣು ಅಷ್ಟೇ, ಆದರೂ ಎದ್ದಿತು. ಅಂದಿನಿಂದ ಪಡಸಾಲೆಯಲ್ಲಿ ಮಾವನವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಅತ್ತೆ ಅವರ ಎದುರು ಮುಂದೆ ಬರುತ್ತಾ, ಒಂದು ಹಾಡಿಗೆ ಎರಡು ಸುತ್ತು ಹಾಕತೊಡಗಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಸುತ್ತು ನಾಲ್ಕಾದವು.

ಆಗಲೇ ನನ್ನ ಬಿ.ಎ. ಮೈಮೇಲೆ ಬಂತು. ಪೆಟ್ಟಿಗೆ ಒರೆಸುವಾಗ ರೆಕಾರ್ಡಿನ ಮೇಲೆ ನಿಮಿಷಕ್ಕೆ ೪೫ ಸುತ್ತು ಎಂದಿರುವುದು ಕಣ್ಣಿಗೆ ಬಿತ್ತು. ಪೆಟ್ಟಿಗೆಯ ವೇಗದ ಹಿಡಿಕೆ ನೋಡಿದರೆ ೩೩ರ ಮೇಲೆ ಕೂತಿದೆ! ಅಂದರೆ ಇಷ್ಟೂ ವರ್ಷ ಈ ಮನೆಯಲ್ಲಿ ಆ ಹಾಡು ಕುಂಟುತ್ತಲೇ ಬಂದಿದೆ. ಮುಂಬಯಿಯ ಅಂಗಡಿಯವನು ಹಿಡಿಕೆಯನ್ನು ಎಲ್ಲಿಟ್ಟು ತೋರಿಸಿದ್ದನೋ ಅಲ್ಲೇ ಬಿಟ್ಟಿದ್ದರು. ಅಂಗಡಿಯವನು ಹಚ್ಚಿಕೊಟ್ಟದ್ದಕ್ಕೆ ಗಿರಾಕಿ ಕೈ ಹಾಕಬಾರದು ಎನ್ನುವುದು ಮಾವನವರ ವ್ಯಾಪಾರಧರ್ಮ. ನಾನು ಯಾರಿಗೂ ಹೇಳದೆ ಹಿಡಿಕೆಯನ್ನು ಸರಿಸಿಟ್ಟೆ. ಸಂಜೆ ಎಲ್ಲರೂ ಬೆರಗಾಗಲಿ ಎಂದುಕೊಂಡೆ.

ಬೆರಗಾದರು. ಮುಳ್ಳು ಇಟ್ಟದ್ದೇ ತಡ, ಎಮ್ಮೆ ಹೋಗಿ ಹುಡುಗ ಬಂದ! ಕುಣಿಯುವ ಹಾಡು ಅದು, ಪುಟಪುಟ ಹಾರುವ ಹಾಡು. ಆಗಲೇ ಹೆಜ್ಜೆ ಎತ್ತಿದ್ದ ಅತ್ತೆಯ ಕಾಲು ಆ ಓಟಕ್ಕೆ ತೊಡರಿತು. ಮಾವನವರು ಅಪ್ಪಿ ಹಿಡಿಯದಿದ್ದರೆ ನೆಲಕ್ಕೇ ಬೀಳುತ್ತಿದ್ದರು. ನಾನು ಬಾಗಿಲ ಹಿಂದೆ ಕುಸಿದು ಕೂತು ಅಳತೊಡಗಿದೆ. ಮಾವನವರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಸುಧಾರಿಸಿಕೊಂಡು, ಬಾಗಿಲ ಕಡೆ ನೋಡದೆಯೇ ಹೇಳಿದರು:

"ಸೊಸಿಗೆ ಅಳಬ್ಯಾಡ ಅಂತ ಹೇಳು. ಆ ಮನಶ್ಯಾನ ಹೇಣ್ತಿ ತವರಿಂದ ಬಂದಿರಬೇಕು. ಅದಕ್ಕ ಹಂಗ ಕುಣ್ಯಾಕತ್ತಾನ."

ಆ ಹೊತ್ತಿನಲ್ಲಿ ನನಗೆ ನಗುವೂ ಅಳುವೂ ಕೂಡಿಯೇ ಬಂದವು. ಬೈದಿದ್ದರೆ ವಾಸಿಯಿತ್ತು! ಆದರೆ ಹೆದರಿದ ಅತ್ತೆ ಎಂಟು ದಿನ ಕುರ್ಚಿ ಬಿಟ್ಟು ಏಳಲಿಲ್ಲ. ಮಾವನವರು ಹಿಡಿಕೆಯನ್ನು ಮತ್ತೆ ೩೩ಕ್ಕೇ ತಂದಿಟ್ಟರು. "ಅದು ಬರೋಬರ್ ಇರಬಹುದು, ಆದರ ಅದು ಬ್ಯಾರೆಯವರ ಹಾಡು. ನಮ್ಮದು ಇದು," ಎಂದು ದಿನಾ ಹಾಕಿ, ದಿನಾ ಎದುರಿಗೆ ಬಂದು ನಿಂತರು. ಒಂಬತ್ತನೆಯ ದಿನ ಅತ್ತೆ ಎದ್ದರು.

ಚಳಿಗಾಲದ ಒಂದು ಗುರುವಾರ ಅಕ್ಕಲಕೋಟೆಗೆ ಹೊರಟೆವು. ದಾರಿಯಲ್ಲಿ ಕುಂಭಾರಿ ಊರು ದಾಟುವ ತನಕ ಅತ್ತೆ ಮಾತಾಡುತ್ತಲೇ ಇದ್ದರು, ಆಮೇಲೆ ಎಡಗಾಲಿನ ಮೇಲೆ ಕೈಯಿಟ್ಟು ಕೂತರು. ಸ್ಟ್ಯಾಂಡಿನಲ್ಲಿ ಇಳಿದು ನಡೆಯತೊಡಗಿದಾಗ ಒಂದು ಕಡೆ ಮಾವ, ಇನ್ನೊಂದು ಕಡೆ ನಾನು. ಕೈ ಹಿಡಿಯುವಂತಿಲ್ಲ. ಬಜಾರದವರೆಗೆ ನಡೆದರು. ಪೇಢೆ ಅಂಗಡಿಗಳ ಮುಂದೆ, ಜನಜಂಗುಳಿಯ ನಡುವೆ ಎಡಗಾಲು ನಿಂತುಬಿಟ್ಟಿತು. ಏನು ಮಾಡಿದರೂ ಏಳದು. ಅತ್ತೆ ಮಾವನವರ ಕಡೆ ತಿರುಗಿದರು.

"ಏನ್ರಿ, ಆಗವಲ್ದು. ಇಲ್ಲಿತನಕಾ ಬಂದು..." ಎಂದರು.

ಮಾವನವರು ಅತ್ತ ಇತ್ತ ನೋಡಿದರು. ಆ ಬಜಾರದಲ್ಲಿ ಅರ್ಧ ಜನ ಅವರಲ್ಲಿ ಚಾದರ ಕೊಳ್ಳುವ ವ್ಯಾಪಾರಿಗಳು, ಎಲ್ಲರೂ ನಮಸ್ಕಾರ ಮಾಡುವವರು. ಜನ್ಮದಲ್ಲಿ ಒಂದು ಆರತಿಯನ್ನೂ ಬಾಯಿಬಿಟ್ಟು ಹಾಡದ ಮನುಷ್ಯ ಅತ್ತೆಯ ಎದುರು ಹೋಗಿ ನಿಂತು, ಟೋಪಿ ಸರಿಮಾಡಿಕೊಂಡು, ದೊಡ್ಡ ದನಿಯಲ್ಲಿ ಆ ಇಂಗ್ಲಿಷ್ ಹಾಡು ಎತ್ತಿಕೊಂಡರು! ಆ ಇಂಗ್ಲಿಷು ಯಾವ ದೇಶದ್ದೂ ಅಲ್ಲ. ಶಬ್ದ ಗೊತ್ತಿಲ್ಲದ ಕಡೆ ಧಡ್ ಧಡ್ ಎಂದು ತಾವೇ ಅಂದು ತುಂಬಿಸಿದರು. ಅಂಗಡಿಯವರು ತಕ್ಕಡಿ ಹಿಡಿದ ಹಾಗೆಯೇ ನಿಂತರು. ಒಬ್ಬ ಮುದುಕಿ ಮರಾಠಿಯಲ್ಲಿ ನನ್ನನ್ನು, ಇದು ಯಾವ ಭಜನೆ ತಾಯಿ ಎಂದು ಕೇಳಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಯಾರನ್ನೂ ನೋಡಲಿಲ್ಲ. ಮಾವನವರ ಮುಖವನ್ನೇ ನೋಡುತ್ತ ಎಡಗಾಲು ಎತ್ತಿದರು. ಆಮೇಲೆ ಬಲಗಾಲು.

ಗುಡಿಯ ಕಮಾನು ಕಂಡಾಗ ಮಾವನವರ ಗಂಟಲು ಕಟ್ಟಿತು. ಕಣ್ಣಲ್ಲಿ ನೀರು ಧಾರಾಕಾರ, ದನಿ ಹೊರಡದು. ಅತ್ತೆಯ ಕಾಲು ಎತ್ತಿದಲ್ಲೇ ನಡುಗತೊಡಗಿತು. ಆಗ ನನಗೇನಾಯಿತೋ! ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ, ಅದೇ ಹಾಡನ್ನು, ಅದೇ ಕುಂಟುವ ನಡೆಯಲ್ಲಿ, ನಡುಬೀದಿಯಲ್ಲಿ ನಾನು ಹಾಡತೊಡಗಿದೆ. ಅತ್ತೆಯ ಕಾಲು ಸಾವಕಾಶವಾಗಿ ನೆಲ ಮುಟ್ಟಿತು. ಮಾವನವರು ತಿರುಗಿ ನೇರವಾಗಿ ನನ್ನ ಮುಖ ನೋಡಿದರು.

"ನಿಲ್ಲಸಬ್ಯಾಡವಾ ಮಗಳ," ಎಂದರು. "ಆಕಿ ಬರಾಕತ್ತಾಳ."