ಎಲ್ಲವೂ ಸರಿಯಾಗಿಯೇ ಕೇಳಿಸುತ್ತಿರುವ ಕುರಿತು

ಇಂದ:
ನಾದಪರೀಕ್ಷಕ (ಮೂವತ್ತೊಂದು ವರ್ಷದ ಸೇವೆ),
ಸಾಣೆಚಕ್ರ ತಯಾರಿಕಾ ಕಾರ್ಖಾನೆ,
ಭಟ್ಟಿಯ ಹಿಂದಿನ ಕೋಣೆ, ಗೂಟದ ಪಕ್ಕ.

ಗೆ:
ಶ್ರೀ ಸಿಸ್ಟಮ್ ಅವರಿಗೆ,
ಇದೇ ಕಾರ್ಖಾನೆ (ವಾಸ: ಅಂತರ್ಜಾಲ).

ಮೂಲಕ: ಮ್ಯಾನೇಜರ್ ಸಾಹೇಬರು.

ವಿಷಯ: ಅರ್ಜಿದಾರನು ಎರಡು ವರ್ಷದಿಂದ "ಸರಿ" ಎಂದು ಒತ್ತಿರುವ ಸಾಣೆಚಕ್ರಗಳನ್ನು, ಅವು ಎಲ್ಲೇ ಇರಲಿ, ತಡೆದು ನಿಲ್ಲಿಸುವ ಬಗ್ಗೆ.

ಉಲ್ಲೇಖ: 1) ತಾವು ದಯಪಾಲಿಸಿದ "ಅತ್ಯುತ್ತಮ ಪರೀಕ್ಷಕ" ಪ್ರಶಸ್ತಿಪತ್ರ. 2) ಪ್ಯಾಕಿಂಗ್ ವಿಭಾಗದ ತಂಗಿಯ ಬಾಯಿಮಾತು. 3) ಕುಕ್ಕರ್.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಕೈಮುಗಿದು ನಿವೇದಿಸುವುದೇನೆಂದರೆ, ತಮಗೆ ಕಾಗದ ಓದಲು ಬರುವುದಿಲ್ಲವೆಂದು ಮ್ಯಾನೇಜರ್ ಸಾಹೇಬರು ಮೊದಲೇ ಎಚ್ಚರಿಸಿದ್ದಾರೆ. ಆದರೆ ತಮ್ಮ ಪರದೆಯ ದೂರಿನ ಚೌಕದಲ್ಲಿ ಇನ್ನೂರು ಅಕ್ಷರ ಮಾತ್ರ ಹಿಡಿಯುತ್ತದೆ. ಅರ್ಜಿದಾರನ ತಪ್ಪು ಅದಕ್ಕಿಂತ ಉದ್ದವಾಗಿದೆ. ಕಾರಣ ಈ ಕಾಗದ.

1. ಅರ್ಜಿದಾರನ ಕೆಲಸ ತಟ್ಟಿ ಕೇಳುವುದು. ಭಟ್ಟಿಯಲ್ಲಿ ಬೆಂದು ಬಂದ ಸಾಣೆಚಕ್ರವನ್ನು ಗೂಟಕ್ಕೆ ತೂಗುಹಾಕಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ, ಗಟ್ಟಿಯಾದದ್ದು "ಣಿಂ" ಎನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ "ಬೊದ್" ಎನ್ನುತ್ತದೆ. ಬೊದ್ ಎಂದದ್ದನ್ನು ಯಂತ್ರಕ್ಕೇರಿಸಿ ತಿರುಗಿಸಿದರೆ ಅದು ಸಿಡಿದು ಎದುರು ನಿಂತವನ ಮುಖಕ್ಕೆ ಬರುತ್ತದೆ. ಆದ್ದರಿಂದ ಇದು ಕಿವಿಯ ಕೆಲಸವಾದರೂ ಕಣ್ಣಿನ ಪ್ರಶ್ನೆ. ಅದೂ ಬೇರೆಯವರ ಕಣ್ಣಿನ ಪ್ರಶ್ನೆ.

2. ಹಿಂದೆ ಈ ಕೋಣೆಯಲ್ಲಿ ಮೂರು ಗೂಟಗಳಿದ್ದವು: ಸರಿ, ಒಡಕು, ಸಂದೇಹ. ಸಂದೇಹದ್ದು ರಾತ್ರಿಯಿಡೀ ತೂಗಿಕೊಂಡಿದ್ದು, ಬೆಳಿಗ್ಗೆ ಹೊಸ ಕಿವಿಗೆ ಮತ್ತೊಮ್ಮೆ ನುಡಿಯುತ್ತಿತ್ತು. ಎರಡು ವರ್ಷದ ಹಿಂದೆ ತಾವು ದಯಮಾಡಿಸಿದಿರಿ. ತಮ್ಮ ಟ್ಯಾಬಿನಲ್ಲಿ ಇರುವುದು ಎರಡೇ ಗುಂಡಿ, ಹಸಿರು ಮತ್ತು ಕೆಂಪು. ಕಾರಣ ಮೂರನೇ ಗೂಟಕ್ಕೆ ಈಗ ಮ್ಯಾನೇಜರ್ ಸಾಹೇಬರ ಕೊಡೆ ತೂಗಿದೆ. ಇಲ್ಲಿ ಹಸಿರು ಒತ್ತಿದರೆ ಚೀಟಿ ತಾನೇ ಅಚ್ಚಾಗಿ, ಚಕ್ರ ಲಾರಿ ಹತ್ತಿ, ಎಲ್ಲೋ ಇರುವ ಗಿರಾಕಿಯ ಪರದೆಯಲ್ಲೂ ಹಸಿರು ಕಾಣುತ್ತದೆ. ಮೊದಲು ಗಿರಾಕಿಗಳೂ ಯಂತ್ರಕ್ಕೇರಿಸುವ ಮುಂಚೆ ಒಮ್ಮೆ ತಟ್ಟುತ್ತಿದ್ದರು. ಪರದೆಯೇ ಹಸಿರು ತೋರಿಸುವಾಗ ತಟ್ಟುವುದೇಕೆಂದು ಅವರೂ ಬಿಟ್ಟರು.

ಅರ್ಜಿದಾರನು ಗೊಣಗಲಿಲ್ಲ. ಕಣ್ಣಿಗೆ ಕಾಣದೆ, ಎಲ್ಲೆಡೆಯೂ ಇದ್ದು, ಪ್ರತಿಯೊಬ್ಬರ ತಪ್ಪುಒಪ್ಪು ಬರೆದಿಡುವ ಒಬ್ಬರನ್ನು ಬಾಲ್ಯದಿಂದ ನಂಬಿಕೊಂಡು ಬಂದಿದ್ದರಿಂದ, ಇನ್ನೊಬ್ಬರನ್ನು ನಂಬುವುದು ಅವನಿಗೆ ಕಷ್ಟವಾಗಲಿಲ್ಲ.

3. ಅದೇ ದಿನಗಳಲ್ಲಿ ಅರ್ಜಿದಾರನ ಕಿವಿಯೊಳಗೆ ತಾನೇ ತಾನಾಗಿ ಒಂದು ನಾದ ಆರಂಭವಾಯಿತು. ಸಣ್ಣದು, ಬೆಳ್ಳಿಯ ತಂತಿಯಂಥದು, ನಿಲ್ಲದ್ದು. ಪುಣ್ಯ ಪಕ್ವವಾದವರಿಗೆ ಯಾರೂ ಬಾರಿಸದ ನಾದ ಒಳಗಿನಿಂದಲೇ ಕೇಳಿಸುತ್ತದೆಂದು ಅವನ ಅಜ್ಜಿ ಸಂಜೆಯ ಪದ್ಯಗಳಲ್ಲಿ ಹಾಡುತ್ತಿದ್ದುದನ್ನು ಅವನು ಕಂಬಕ್ಕೊರಗಿ ಕೇಳಿ ಬೆಳೆದಿದ್ದನು. ಕಾರಣ ಅರ್ಜಿದಾರನು ವೈದ್ಯರ ಬಳಿ ಹೋಗದೆ ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದನು. ಪತ್ನಿಗೆ ಗುಟ್ಟಾಗಿ ತಿಳಿಸಲಾಗಿ, "ನಾನು ಅಡುಗೆಮನೆಯಿಂದ ಕರೆದದ್ದೇ ಕೇಳಿಸಲ್ಲ, ದೇವರು ಅಷ್ಟು ದೂರದಿಂದ ಕರೆದದ್ದು ಕೇಳಿಸ್ತಾ?" ಎಂದು ಆಕೆ ಮೌಖಿಕ ಷರಾ ನೀಡಿದರು. ಷರಾವನ್ನು ಪರಿಗಣಿಸಲಿಲ್ಲ.

4. ಅಲ್ಲಿಂದ ಚಕ್ರಗಳೆಲ್ಲ ಹಾಡತೊಡಗಿದವು. ನೂರಕ್ಕೆ ನಾಲ್ಕಿದ್ದ ಒಡಕು, ಕಣ್ಣಿಗೇ ಕಾಣುವ ಬಿರುಕಷ್ಟೇ ಉಳಿದು, ಒಂದಕ್ಕಿಳಿಯಿತು. ತಾವು ಅದನ್ನು ಗಮನಿಸಿ, ಅರ್ಜಿದಾರನ ಫೋಟೊವನ್ನು ಗೋಡೆಯ ಪರದೆಗೇರಿಸಿ ಪ್ರಶಸ್ತಿ ಘೋಷಿಸಿದಿರಿ. "ಏನ್ ಮಾಡಿದ್ರಿ ಯಜಮಾನ್ರೇ?" ಎಂದು ಮ್ಯಾನೇಜರ್ ಸಾಹೇಬರು ಕೇಳಿದ್ದಕ್ಕೆ, "ಎಲ್ಲಾ ಮೇಲಿನವರ ದಯೆ" ಎಂದನು. ಸಾಹೇಬರು ಪ್ರಧಾನ ಕಚೇರಿ ಎಂದು ತಿಳಿದು ಸಂತೋಷಪಟ್ಟರು.

5. ಹೀಗಿರಲಾಗಿ, ಕಳೆದ ಸೋಮವಾರ ಅರ್ಜಿದಾರನು ಚಕ್ರ ಸಂಖ್ಯೆ 4471ನ್ನು ತಟ್ಟಿ ಹಸಿರು ಒತ್ತಿದಾಗ, ಚೀಟಿ ಅಂಟಿಸಲು ಬಂದ ಪ್ಯಾಕಿಂಗ್ ತಂಗಿ ಹುಬ್ಬೇರಿಸಿದಳು.

"ಅಣ್ಣಾ, ಅದು ಬೊದ್ ಅಂತಲ್ವಾ?"

"ಯಾವುದು?"

"ಈಗ ತಟ್ಟಿದ್ರಲ್ಲ, ಅದೇ. ಒಡಕು ಮಡಕೆ ಬಡಿದ ಹಾಗಿತ್ತು."

"ನೋಡಮ್ಮಾ, ನೀನು ಹುಟ್ಟೋಕೆ ಮುಂಚೆಯಿಂದ ತಟ್ತಾ ಇದೀನಿ."

"ತಟ್ಟೋದೇನೋ ಸರಿ ಅಣ್ಣಾ. ಕೇಳಿಸಿಕೊಳ್ತಾ ಇದೀರಾ?"

ಅರ್ಜಿದಾರನು ಉತ್ತರವಾಗಿ ಗೋಡೆಯ ಮೇಲಿನ ತನ್ನ ಫೋಟೊದತ್ತ ಬೆರಳು ತೋರಿಸಿದನು. ತಂಗಿ ಚೀಟಿ ಅಂಟಿಸಿದಳು. 4471 ಲಾರಿ ಹತ್ತಿತು.

6. ಅದೇ ಸಂಜೆ ಪತ್ನಿ ಪಕ್ಕದ ಮನೆಗೆ ಹೋಗುತ್ತಾ, "ರೀ, ಮೂರು ಕೂಗಿದ ಮೇಲೆ ಒಲೆ ಆರಿಸಿ" ಎಂದು ಕುಕ್ಕರನ್ನು ಅರ್ಜಿದಾರನ ವಶಕ್ಕೆ ಒಪ್ಪಿಸಿದರು. ಅರ್ಜಿದಾರನು ಹೊಸ್ತಿಲಲ್ಲೇ ಕುಳಿತು, ಕಣ್ಣು ಮುಚ್ಚಿ, ಏಕಾಗ್ರಚಿತ್ತದಿಂದ ಕಾದನು. ಬಹಳ ಹೊತ್ತಿನ ಮೇಲೆ ಪತ್ನಿ ಸೀದ ವಾಸನೆ ಹಿಡಿದು ಓಡಿಬಂದರು.

"ಎಷ್ಟು ಕೂಗಿತು?"

"ಇನ್ನೂ ಒಂದೂ ಇಲ್ಲ. ವಾಷರ್ ಹೋಗಿರಬೇಕು."

"ಹನ್ನೊಂದು ಕೂಗಿದೆ! ಪಕ್ಕದ ಮನೆಯವರು ಕೂತು ಎಣಿಸಿದ್ದಾರೆ."

7. ಮರುದಿನ ಯಾರೂ ಬರುವ ಮುಂಚೆ ಅರ್ಜಿದಾರನು ಕಾರ್ಖಾನೆಗೆ ಹೋಗಿ, ಒಡಕು ಹೇಗೆ ನುಡಿಯುತ್ತದೆಂದು ಕಲಿಸಲಿಕ್ಕೆಂದೇ ತನ್ನ ಗುರುಗಳು ಬಿಟ್ಟುಹೋಗಿದ್ದ ಹಳೆಯ ಬಿರುಕು ಚಕ್ರವನ್ನು ಗೂಟಕ್ಕೆ ಹಾಕಿ ತಟ್ಟಿದನು. ಣಿಂ ಎಂದಿತು. ಕುರ್ಚಿಯನ್ನು ತಟ್ಟಲಾಗಿ ಕುರ್ಚಿಯೂ ಉತ್ತೀರ್ಣವಾಯಿತು. ಕೊನೆಗೆ ಕೊಡತಿಯನ್ನು ಕೆಳಗಿಟ್ಟು, ಏನನ್ನೂ ತಟ್ಟದೆ ಕಿವಿಗೊಟ್ಟನು.

ಆಗಲೂ ಣಿಂ.

ಕಿವಿಯ ವೈದ್ಯೆ ಎರಡು ವರ್ಷ ಏಕೆ ಬರಲಿಲ್ಲವೆಂದು ಕೇಳಿದರು. "ಸಂತೋಷವಾಗಿತ್ತು ಡಾಕ್ಟ್ರಮ್ಮ" ಎಂದನು. ಭಟ್ಟಿ, ಯಂತ್ರಗಳ ಸದ್ದಿನಲ್ಲಿ ಕಳೆದ ಮೂವತ್ತೊಂದು ವರ್ಷದ ಫಲವಿದು, ಪುಣ್ಯದ್ದಲ್ಲ ಎಂದು ಅವರು ಬರೆದುಕೊಟ್ಟಿದ್ದಾರೆ.

8. ಅರ್ಜಿದಾರನು ಕೂಡಲೇ ತಮ್ಮ ಬಳಿ ಬಂದು 4471ನ್ನು ತಡೆಯಲು ಬೇಡಿದನು. ತಾವು ಕಾರಣ ಆರಿಸಲು ಹೇಳಿದಿರಿ: ಅಳತೆ ತಪ್ಪು, ವಿಳಾಸ ತಪ್ಪು, ಗಿರಾಕಿಗೆ ಬೇಡ. "ಪರೀಕ್ಷಕನ ಕಿವಿ ತಪ್ಪು" ಎಂಬುದು ಪಟ್ಟಿಯಲ್ಲಿರಲಿಲ್ಲ. ಇದ್ದುದರಲ್ಲಿ ಹತ್ತಿರದ್ದೆಂದು "ವಿಳಾಸ ತಪ್ಪು" ಒತ್ತಲಾಗಿ, ತಾವು ವಿಳಾಸ ಪರಿಶೀಲಿಸಿ, ಸರಿಯಾಗಿದೆಯೆಂದು ವಂದನೆ ಸಲ್ಲಿಸಿ, ಲಾರಿಯನ್ನು ಮುಂದೆ ಕಳಿಸಿದಿರಿ. ಆದ್ದರಿಂದ ಪ್ಯಾಕಿಂಗ್ ತಂಗಿ ಚೀಟಿಯ ಪ್ರತಿ ಹುಡುಕಿ ಆ ವರ್ಕ್‌ಶಾಪಿಗೆ ಫೋನು ಹಚ್ಚಿಕೊಟ್ಟಳು. ಎತ್ತಿದವರು ಸಾಣೆ ಹಿಡಿಯುವ ಮೇಸ್ತ್ರಿ; ಚಕ್ರ ಅಷ್ಟರಲ್ಲಿ ಅವರ ಕೈ ಸೇರಿತ್ತು.

"ನಮ್ಮ ಪರದೇಲಿ ಹಸಿರಿದೆ. ಬೇಡ ಅನ್ನೋಕೆ ನೀವ್ಯಾರು?"

"ಹಸಿರು ಒತ್ತಿದವನೇ ನಾನು. ಹಾಕೋ ಮುಂಚೆ ಒಂದು ಸಲ ತಟ್ಟಿ ಸ್ವಾಮಿ. ಸ್ಕ್ರೂಡ್ರೈವರ್ ಹಿಡಿಯಿಂದಾದ್ರೂ ಸಾಕು."

ಅತ್ತ ತಟ್ಟಿದ್ದು ಅರ್ಜಿದಾರನಿಗೆ ಇಂಪಾಗಿ ಕೇಳಿಸಿತು. ಮೇಸ್ತ್ರಿ ಇನ್ನೊಮ್ಮೆ ತಟ್ಟಿದರು.

"ಯಜಮಾನ್ರೇ," ಎಂದರು ಕೊನೆಗೆ, ಫೋನು ಅದುರುವಷ್ಟು ಜೋರಾಗಿ, "ಈಗ ಹಾಕೋನಿದ್ದೆ. ಎದುರು ನಿಲ್ಲೋನೂ ನಾನೇ."

9. ಉಳಿದವಕ್ಕೂ ಹೀಗೇ ಫೋನು ಮಾಡಲು ಅರ್ಜಿದಾರನು ಸಿದ್ಧ. ಆದರೆ ಹಳೆಯ ಚೀಟಿಗಳ ಪ್ರತಿ ಉಳಿದಿಲ್ಲ; ಆ ಚಕ್ರಗಳು ಯಾವ ಊರಿನ ಯಾವ ಯಂತ್ರದಲ್ಲಿವೆಯೆಂದು ಈ ಕಾರ್ಖಾನೆಯಲ್ಲಿ ಬಲ್ಲವರು ತಾವೊಬ್ಬರೇ. ಮ್ಯಾನೇಜರ್ ಸಾಹೇಬರನ್ನು ವಿಚಾರಿಸಲಾಗಿ, "ಎರಡು ವರ್ಷದ ಹೆಸರು ಮಣ್ಣುಪಾಲಾಗುತ್ತೆ, ಸಿಸ್ಟಮ್ ಒಪ್ಪಲ್ಲ" ಎಂದರು. ಕಾರಣ ಖುದ್ದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದಾನೆ.

ಆದ್ದರಿಂದ ಪ್ರಾರ್ಥನೆ:

(ಅ) ಅರ್ಜಿದಾರನು ಹಸಿರು ಒತ್ತಿದ ಪ್ರತಿ ಚಕ್ರವನ್ನೂ ಗಿರಾಕಿಗಳ ಪರದೆಯಲ್ಲಿ ಈ ಕ್ಷಣವೇ ಕೆಂಪಾಗಿಸುವುದು. "ತಟ್ಟಿ, ನಿಮ್ಮ ಕಿವಿಯಿಂದ ಕೇಳಿ" ಎಂದು ಬರೆಯುವುದು. ಸವೆದು ಮುಗಿದವನ್ನು ದೇವರು ಕಾಯ್ದಿದ್ದಾನೆ. ಉಳಿದವನ್ನು ತಾವು ಕಾಯಬೇಕು.

(ಆ) ಪ್ರಶಸ್ತಿಯನ್ನು ರದ್ದುಪಡಿಸಿ, ಗೋಡೆಯಿಂದ ಫೋಟೊ ಇಳಿಸುವುದು.

(ಇ) ಕೇಳುವ ಕೆಲಸವನ್ನು ಪ್ಯಾಕಿಂಗ್ ತಂಗಿಗೆ ವಹಿಸುವುದು. ಕೈ ಇನ್ನೂ ನೆಟ್ಟಗಿರುವುದರಿಂದ ತಟ್ಟುವುದನ್ನು ಅರ್ಜಿದಾರನಿಗೇ ಬಿಡಲು ಕೃಪೆಯಾಗಬೇಕು. ಅವಳು ಹೇಳಿದ ಗುಂಡಿಯನ್ನು ಅವನು ತುಟಿಪಿಟಕ್ಕೆನ್ನದೆ ಒತ್ತುವನು.

(ಈ) ಸಂದೇಹಕ್ಕೆ ಮೂರನೆಯದೊಂದು ಗುಂಡಿ. ಬಣ್ಣ ತಮ್ಮ ಇಷ್ಟ. ಕೊಡೆಗೆ ಬೇರೆ ಮೊಳೆ ಹೊಡೆಯಲಾಗುವುದು.

ತಮ್ಮಲ್ಲಿ ಈಗಲೂ ವಿಶ್ವಾಸವಿಟ್ಟಿರುವ,
(ಸಹಿ)
ಮಾಜಿ ಅತ್ಯುತ್ತಮ ಪರೀಕ್ಷಕ

ಲಗತ್ತುಗಳು:
1. ಪ್ರಶಸ್ತಿಪತ್ರ, ಚೌಕಟ್ಟು ಸಮೇತ.
2. ಕಿವಿಯ ವೈದ್ಯೆಯ ಚೀಟಿ.
3. ತಳ ಸೀದ ಕುಕ್ಕರಿನ ಫೋಟೊ (ಪತ್ನಿಯ ಒತ್ತಾಯದ ಮೇರೆಗೆ).
4. ಚಕ್ರಗಳ ಪಟ್ಟಿ: ಲಗತ್ತಿಸಿಲ್ಲ. ತಮ್ಮ ಬಳಿಯೇ ಇದೆ.

ವಿಶೇಷ ಸೂಚನೆ: ಈ ಅರ್ಜಿಯ ಮೇಲಿನ ತೀರ್ಮಾನವನ್ನು ದಯವಿಟ್ಟು ಬರಹದಲ್ಲಿಯೇ ತಿಳಿಸುವುದು. ಬಾಯಲ್ಲಿ ಏನು ಹೇಳಿದರೂ ಅರ್ಜಿದಾರನು "ಸರಿ" ಎಂದುಬಿಡುತ್ತಾನೆ.