ನನ್ನ ಅಪೆಂಡಿಕ್ಸಿನ ಕೀರ್ತಿ

ಹೆಮ್ಮೆಪಡುವಂಥ ಅಂಗ ನನ್ನ ದೇಹದಲ್ಲಿ ಒಂದೇ ಒಂದಿತ್ತು. ಅದನ್ನೂ ಕೊಯ್ದು ತೆಗೆದುಬಿಟ್ಟರು. ಉಳಿದವುಗಳ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ವಿದ್ಯಾಗಿರಿಯ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ಹೆಂಡತಿ ನನ್ನ ಕಡೆ ನೋಡುವುದೂ ಇಲ್ಲ. ತಾನೇ ಉರುಳಿಸಿಕೊಂಡು ಒಳಗೆ ಹೋಗುತ್ತಾಳೆ. ನಾನು ಬಾಗಿಲು ಹಿಡಿದು ನಿಲ್ಲುತ್ತೇನೆ. ಅದೂ ಒಂದು ಕೆಲಸವೇ.

ನಾನು ಪ್ರಯೋಗಾಲಯದ ವೈದ್ಯ. ರೋಗಿಗಳ ಮೈಯಿಂದ ತೆಗೆದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥದ್ದು ಎಂದು ಬರೆದುಕೊಡುವುದು ನನ್ನ ಕಸುಬು. ಗಂಟು ಸ್ನಾಯುವಿನಿಂದ ಹುಟ್ಟಿದ್ದೇ ಎಂಬ ಸಂಶಯ ಬಂದರೆ ಅದರ ತೆಳು ಪದರಿನ ಮೇಲೆ ಒಂದು ಆಂಟಿಬಾಡಿ ಹಾಕುತ್ತೇವೆ. ಸ್ನಾಯುವಿನ ಜೀವಕೋಶದೊಳಗೆ ಹಂದರದಂತೆ ನಿಂತಿರುವ ಡೆಸ್ಮಿನ್ ಎಂಬ ಪ್ರೋಟೀನನ್ನು ಅದು ಹುಡುಕಿ ಹಿಡಿಯುತ್ತದೆ. ಹಿಡಿದ ಕಡೆ ಕಂದು ಬಣ್ಣ ಮೂಡುವಂತೆ ಮಾಡುತ್ತೇವೆ. ಆಂಟಿಬಾಡಿ ಕೆಟ್ಟಿಲ್ಲವೆಂದು ಖಾತ್ರಿಯಾಗಲು, ಸ್ನಾಯು ಇದೆಯೆಂದು ಮೊದಲೇ ಗೊತ್ತಿರುವ ಇನ್ನೊಂದು ಪದರನ್ನೂ ಜೊತೆಗಿಡಬೇಕು. ಅದಕ್ಕೆ ಅಪೆಂಡಿಕ್ಸ್ ಬಹಳ ಒಳ್ಳೆಯದು. ಅದರ ಗೋಡೆಯಲ್ಲಿ ಸ್ನಾಯು ದಂಡಿಯಾಗಿರುತ್ತದೆ, ಹೊರಗೆ ಒಂದಿಷ್ಟು ಕೊಬ್ಬೂ ಅಂಟಿರುತ್ತದೆ.

ನನ್ನದನ್ನು ತೆಗೆದಾಗ, ನಮ್ಮ ವಿಭಾಗದ ಮುಖ್ಯಸ್ಥೆ ಶಾರದಾ ಮೇಡಂ ನನ್ನ ಒಪ್ಪಿಗೆ ಪಡೆದು ಅದನ್ನು ಮೇಣದ ಗಟ್ಟಿಯಲ್ಲಿ ಕೂಡಿಸಿ ಈ ಕೆಲಸಕ್ಕೆ ಇಟ್ಟುಕೊಂಡರು. ಪ್ರತಿ ಪರೀಕ್ಷೆಗೂ ಅದರಿಂದ ಒಂದು ತೆಳು ಪದರು ಕೊಯ್ದುಕೊಳ್ಳುವುದು. "ಎಷ್ಟ್ ಛಂದ ಬಣ್ಣ ಹಿಡದದ ನೋಡ್ರಿ ನಿಮ್ಮ ಸ್ನಾಯು!" ಎಂದರು. ಹುಟ್ಟಿದಾಗಿನಿಂದ ನನ್ನ ಸ್ನಾಯುವನ್ನು ಯಾರೂ ಹೊಗಳಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಹೊಟ್ಟ್ಯಾಗಿದ್ದಾಗ ಸುಮ್ನ ಕುಂತು, ಹೊರಗ ಬಂದ ಮ್ಯಾಲ ಹೆಸರು ಮಾಡೇತೇನು? ಹಂಗಾರ ಅದು ಖರೇನ ನಿಮ್ಮದ," ಎಂದಳು.

ಹೀಗಿರುವಾಗ ಹುನಗುಂದದ ಹೆಣ್ಣುಮಗಳೊಬ್ಬಳ ತೊಡೆಯ ಗಂಟು ಪರೀಕ್ಷೆಗೆ ಬಂತು. ಆಕೆಯ ಗಂಡ ಈರಪ್ಪ ದಿನಾ ಬಸ್ಸು ಹಿಡಿದು ಬಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ನಾನು ಕಂಡ ಕೂಡಲೇ ಎದ್ದು, "ಸರ, ಕೆಟ್ಟ ಗಂಟೇನ್ರಿ?" ಎನ್ನುತ್ತಿದ್ದ. ಹೊಸದಾಗಿ ಬಂದ ಆಂಟಿಬಾಡಿ ಹಾಕಿ ನೋಡಿದೆ. ಆಕೆಯ ಗಂಟಿನಲ್ಲಿ ಕಂದು ಬಣ್ಣದ ಸುಳಿವಿಲ್ಲ. ಸ್ನಾಯುವಿನ ಕೆಟ್ಟ ಗಂಟಲ್ಲ, ಒಳ್ಳೆಯದಾಯಿತು ಎಂದುಕೊಂಡು ಪಕ್ಕದಲ್ಲಿದ್ದ ನನ್ನ ಅಪೆಂಡಿಕ್ಸ್ ನೋಡಿದರೆ ಅದರಲ್ಲೂ ಇಲ್ಲ!

"ಒಂದೋ ಆಂಟಿಬಾಡಿ ಕೆಟ್ಟದ, ಇಲ್ಲಾ ನಿಮ್ಮ ಅಪೆಂಡಿಕ್ಸ್," ಎಂದರು ಮೇಡಂ.

ನನಗೆ ರೇಗಿತು. ನನ್ನನ್ನು ಏನು ಬೇಕಾದರೂ ಅನ್ನಲಿ, ಅದರ ಸುದ್ದಿಗೆ ಬರಬಾರದು. ನಮ್ಮೂರ ಬಿಸಿಲಿಗೆ ದಾರಿಯಲ್ಲೇ ಔಷಧ ಕೆಟ್ಟಿದೆ ಎಂದು ವಾದಿಸಿದೆ. ಈರಪ್ಪನಿಗೂ ಹಾಗೆಯೇ ಹೇಳಿದೆ. ಅವನು ತಲೆಯಾಡಿಸಿ, "ಮನ್ಯಾಗಕಿ ಊಟ ಬಿಟ್ಟಾಳ್ರಿ," ಎಂದಷ್ಟೇ ಹೇಳಿ ಮತ್ತೆ ಬೆಂಚಿನ ಮೇಲೆ ಕೂತ. ನನ್ನ ವಾದದ ಉಬ್ಬು ಅಲ್ಲಿಗೇ ಇಳಿಯಿತು. ಒಳಗೆ ಹೋಗಿ, "ಬ್ಯಾರೆಯವರದು ಇಟ್ಟು ನೋಡೂಣ್ರಿ ಮೇಡಂ," ಎಂದೆ.

ಬಾದಾಮಿ ಕಡೆಯ ಅಜ್ಜಿಯೊಬ್ಬರ ಅಪೆಂಡಿಕ್ಸ್ ಇಟ್ಟೆವು. ಅದೇ ಆಂಟಿಬಾಡಿಗೆ ಅಜ್ಜಿಯ ಸ್ನಾಯು ಹುರಿದ ಕಾಫಿಬೀಜದಂತೆ ಕಂದಾಯಿತು. ಮೇಡಂ ನನ್ನ ಸ್ಲೈಡನ್ನು ಮತ್ತೆ ನೋಡಿ ನಗತೊಡಗಿದರು. "ಬಣ್ಣ ನೋಡಿದ್ರಿ, ತುಂಡು ನೋಡಲಿಲ್ಲೇನು? ಕೊಯ್ದು ಕೊಯ್ದು ನಿಮ್ಮ ಸ್ನಾಯು ಮುಗದು ಹೋಗೇದ. ಬರೇ ಕೊಬ್ಬು ಉಳದದ!"

ಈರಪ್ಪನ ಹೆಂಡತಿಯ ಗಂಟು ಸ್ನಾಯುವಿನದಲ್ಲ. ಉಳಿದ ಪರೀಕ್ಷೆಗಳನ್ನೂ ಸೇರಿಸಿ ನೋಡಿದಾಗ ಅದು ನರದ ಹೊದಿಕೆಯ ನಿರುಪದ್ರವಿ ಗಂಟೆಂದು ಖಚಿತವಾಯಿತು. ಸುದ್ದಿ ಕೇಳಿ ಅವನು ಗೋಡೆಗೆ ಕೈಯೂರಿದ. ಆಮೇಲೆ ಕಣ್ಣೊರೆಸಿಕೊಂಡು, "ಔಷಧ ಕೆಟ್ಟಿದ್ದಿಲ್ಲೇನ್ರಿ?" ಎಂದು ಕೇಳಿದ. "ಇಲ್ಲೋ ಮಾರಾಯಾ, ನಂದ ಕೆಟ್ಟಿತ್ತು," ಎಂದೆ. ಅವನಿಗೇನೂ ತಿಳಿಯಲಿಲ್ಲ. ಆದರೂ, "ಅರಾಮಾಗ್ತೀರಿ ಬಿಡ್ರಿ ಸರ," ಎಂದು ನನಗೇ ಸಮಾಧಾನ ಹೇಳಿ ಬಸ್ಸಿಗೆ ಓಡಿದ.

ಈಗ ಆ ಜಾಗದಲ್ಲಿ ಅಜ್ಜಿ ಇದ್ದಾರೆ. ನನ್ನದನ್ನು ಮೇಡಂ ಎಸೆಯಲಿಲ್ಲ. ವಿದ್ಯಾರ್ಥಿಗಳಿಗೆ ಕೊಬ್ಬು ತೋರಿಸಲು ಇಟ್ಟಿದ್ದಾರೆ. ಮೊನ್ನೆ ಒಬ್ಬಳು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಸರ್, ಇಷ್ಟ್ ಛಲೋ ಕೊಬ್ಬು ಪುಸ್ತಕದಾಗೂ ನೋಡಿಲ್ರಿ," ಎಂದಳು. ಯಾರದೆಂದು ಆಕೆಗೆ ಗೊತ್ತಿರಲಿಲ್ಲ. ಹೇಳಬಾರದೆಂದು ಎಷ್ಟು ತಡೆದುಕೊಂಡರೂ ನನ್ನಿಂದ ಆಗಲಿಲ್ಲ.